ನೂರ ಒಂಬತ್ತೂವರೆ ಡಿಗ್ರಿ

ಮೂರನೇ ತಾರೀಕು, ಸೋಮವಾರ

ಸಕಲರಿಗೂ ಈ ಮೂಲಕ ತಿಳಿಯಪಡಿಸುವುದೇನೆಂದರೆ, ಇಂದು ಬೆಳಿಗ್ಗೆ ಒಂಬತ್ತು ಗಂಟೆ ಹತ್ತು ನಿಮಿಷಕ್ಕೆ ಸರಿಯಾಗಿ ನಾನು ಒಂದು ಪೆನ್ಸಿಲ್ ಖರೀದಿಸಿದೆ. ಕೆಂಪು ಬಣ್ಣದ್ದು, ತುದಿಗೆ ರಬ್ಬರ್ ಇದೆ. ಅಂಗಡಿಯವರು ಕಾಗದದಲ್ಲಿ ಸುತ್ತಿಕೊಡಲೇ ಎಂದರು. ಬೇಡ, ಕಿವಿಗೇ ಸಿಕ್ಕಿಸಿಕೊಂಡು ಹೋಗುತ್ತೇನೆ, ನಾಲ್ಕು ಜನ ನೋಡಲಿ ಎಂದೆ.

ಐವತ್ನಾಲ್ಕನೇ ವಯಸ್ಸಿಗೆ ಮೊದಲ ಪೆನ್ಸಿಲ್ಲೇ ಎಂದು ನಗುವವರು ನಗಲಿ. ಮೂವತ್ತೊಂದು ವರ್ಷದಿಂದ ನಮ್ಮ ಶೆಡ್ಡಿನಲ್ಲಿ ಅಳತೆ ಹಾಕಿ ಗುರುತು ಮಾಡುವುದು ಅಣ್ಣನ ಕೆಲಸ, ಲೇತಿನ ಮೇಲೆ ಮರ ಕಡೆಯುವುದು ನನ್ನ ಕೆಲಸ. ಮಂಚದ ಕಾಲು, ಮೆಟ್ಟಿಲಿನ ಕಂಬ, ಲಟ್ಟಣಿಗೆ, ಬುಗುರಿ, ಏನೇ ಇರಲಿ, ಪೆನ್ಸಿಲ್ ಅವರ ಕಿವಿಗೆ, ಉಳಿ ನನ್ನ ಕೈಗೆ. ಹತ್ತೊಂಬತ್ತು ದಿನದ ಹಿಂದೆ ಒಂದು ಕುರ್ಚಿ ಅಲ್ಲಾಡಿತು. ನಾಲ್ಕರಲ್ಲಿ ಒಂದು ಕಾಲು ಚಿಕ್ಕದು. ಅಳತೆ ತಪ್ಪು ಎಂದು ನಾನು ಹೇಳಿದೆ. ಕಡೆದದ್ದು ತಪ್ಪು ಎಂದು ಅವರು ಹೇಳಿದರು. ಅದೇ ಕೊನೆ. ಅಲ್ಲಿಂದೀಚೆಗೆ ಒಂದೇ ಶೆಡ್ಡಿನ ಎದುರುಬದುರು ಮೂಲೆಗಳಲ್ಲಿ ಕೂತು, ಮಾತಿಲ್ಲದೆ ದಿನ ದೂಡುತ್ತಿದ್ದೇವೆ.

ಇಪ್ಪತ್ತೊಂಬತ್ತನೇ ತಾರೀಕಿಗೆ ಅವರು ತಮ್ಮ ಸಾಮಾನೆಲ್ಲ ಸಾಗಿಸಿಕೊಂಡು ಭಾಮೈದನ ಮರದ ಡಿಪೋಗೆ ಹೋಗುತ್ತಾರಂತೆ. ಇದನ್ನು ಅತ್ತಿಗೆ ನನ್ನ ಮನೆಯವಳಿಗೆ ಹೇಳಿ, ಮನೆಯವಳು ನನಗೆ ಹೇಳಿದ್ದು. ಒಳ್ಳೆಯದೇ. ಈ ಪುಸ್ತಕದಲ್ಲಿ ಇನ್ನು ಮುಂದೆ ಅವರನ್ನು ‘ಎದುರು ಮೂಲೆಯವರು’ ಎಂದು, ಬಹುವಚನದಲ್ಲೇ ಕರೆಯಲಾಗುವುದು. ಒಡಹುಟ್ಟಿದವರಿಗೆ ಬಹುವಚನ ಹಾಕಿದಷ್ಟು ಬೇರೆ ಯಾವ ಬೈಗುಳವೂ ನಾಟುವುದಿಲ್ಲ.

ಐದನೇ ತಾರೀಕು, ಬುಧವಾರ

ಹೈಸ್ಕೂಲಿನ ವಿಜ್ಞಾನದ ಮೇಡಂ ಬಂದಿದ್ದರು. ಅಣುಗಳು ಹೇಗಿರುತ್ತವೆ ಎಂದು ಮಕ್ಕಳಿಗೆ ತೋರಿಸಲು ಮರದ ಗುಂಡುಗಳು ಬೇಕಂತೆ. ಪ್ಲಾಸ್ಟಿಕ್ಕಿನವು ವರ್ಷ ತುಂಬುವುದರೊಳಗೆ ಮುರಿದುಹೋಗುತ್ತವಂತೆ. ನೂರಿಪ್ಪತ್ತು ಕಪ್ಪು ಗುಂಡು, ಮುನ್ನೂರು ಬಿಳಿ, ನಲವತ್ತು ಕೆಂಪು. ಕಪ್ಪಿಗೆ ನಾಲ್ಕು ತೂತು, ಕೆಂಪಿಗೆ ಎರಡು, ಬಿಳಿಗೆ ಒಂದು. ತೂತಿಗೆ ಕಡ್ಡಿ ಸಿಕ್ಕಿಸಿ ಒಂದಕ್ಕೊಂದು ಜೋಡಿಸುವುದು. ಮುಂದಿನ ತಿಂಗಳ ಮೊದಲ ವಾರಕ್ಕೆ ಬೇಕು.

ನಾನೊಬ್ಬನೇ ಒಪ್ಪಿಕೊಂಡೆ. ಸ್ವಲ್ಪ ಗಟ್ಟಿಯಾಗಿಯೇ ಒಪ್ಪಿಕೊಂಡೆ, ಎದುರು ಮೂಲೆಗೆ ಕೇಳಿಸಲಿ ಎಂದು.

“ತೂತು ಅಂದ್ರೆ ಕೈ ಅಂದ್ಕೊಳ್ಳಿ ಮೇಸ್ತ್ರೀ,” ಎಂದರು ಮೇಡಂ. “ಕಪ್ಪು ಕಾರ್ಬನ್ನು, ಅದಕ್ಕೆ ನಾಲ್ಕು ಕೈ. ಕೆಂಪು ಆಕ್ಸಿಜನ್ನು, ಎರಡು ಕೈ. ಬಿಳಿ ಹೈಡ್ರೋಜನ್ನು, ಪಾಪ ಒಂದೇ ಕೈ. ಯಾವ ಕೈಯೂ ಖಾಲಿ ಇರಬಾರದು.”

“ಖಾಲಿ ಇದ್ರೆ ಏನಾಗುತ್ತೆ?”

“ನೆಮ್ಮದಿ ಇರಲ್ಲ. ಕಾರ್ಬನ್‌ಗೆ ಹೊರಗಿನ ಸುತ್ತಲ್ಲಿ ಎಂಟು ಎಲೆಕ್ಟ್ರಾನ್ ಬೇಕು, ಇರೋದು ನಾಲ್ಕೇ. ಇನ್ನು ನಾಲ್ಕು ಎಲ್ಲಿಂದ ತರುತ್ತೆ? ಹೈಡ್ರೋಜನ್ ಒಂದು ಹಾಕುತ್ತೆ, ಕಾರ್ಬನ್ ಒಂದು ಹಾಕುತ್ತೆ. ಆ ಜೋಡಿ ಇಬ್ಬರದ್ದೂ. ಇದು ನಂದು ಅಂತ ಅದೂ ಎಣಿಸ್ಕೊಳ್ಳುತ್ತೆ, ಇದೂ ಎಣಿಸ್ಕೊಳ್ಳುತ್ತೆ.”

“ಒಂದೇ ವಸ್ತುನ ಇಬ್ಬರೂ ನಂದು ಅಂದ್ರೆ ಅದು ಮೋಸ ಅಲ್ವಾ ಮೇಡಂ?”

“ಅದನ್ನೇ ನಾವು ಬಂಧ ಅಂತೀವಿ.”

ಪಾಠದ ಪುಸ್ತಕದ ಒಂದು ಪುಟದ ಜೆರಾಕ್ಸ್ ಕೊಟ್ಟು ಹೋದರು. ನಡುವೆ ಕಾರ್ಬನ್, ಮೇಲೆ, ಕೆಳಗೆ, ಎಡಕ್ಕೆ, ಬಲಕ್ಕೆ ಒಂದೊಂದು ಹೈಡ್ರೋಜನ್. ಮೀಥೇನ್ ಎಂಬ ಅನಿಲವಂತೆ. ಚಿತ್ರ ಬೀದಿ ಕೂಡುವ ಚೌಕದಷ್ಟು ಸರಳವಾಗಿದೆ.

ಎದುರು ಮೂಲೆಯವರು ಒಮ್ಮೆ ಕೆಮ್ಮಿದರು. ಯಾವ ಗಿರಾಕಿ ಯಾವ ಚಿತ್ರ ತಂದರೂ ಅವರು ಕೇಳುವ ಪ್ರಶ್ನೆ ಒಂದೇ: ‘ಇದು ಮೇಲಿಂದ ನೋಡಿದ್ದೋ, ಪಕ್ಕದಿಂದ ನೋಡಿದ್ದೋ?’ ಮೂವತ್ತೊಂದು ವರ್ಷ ಈ ಪ್ರಶ್ನೆ ಕೇಳಿ ಕೇಳಿ ನನ್ನ ಕಿವಿ ಸವೆದಿದೆ. ಇಂದು ಕೇಳಲಿಲ್ಲ, ಬರೀ ಕೆಮ್ಮಿದರು. ಕೆಮ್ಮಿಗೆ ಉತ್ತರ ಕೊಡುವ ಅಗತ್ಯ ನನಗೆ ಕಾಣಲಿಲ್ಲ.

ಎಂಟನೇ ತಾರೀಕು, ಶನಿವಾರ

ಕಪ್ಪಿನವು ನಿಂಬೆಹಣ್ಣಿನ ಗಾತ್ರ, ಬಿಳಿಯವು ದೊಡ್ಡ ಗೋಲಿಯ ಗಾತ್ರ. ಗುಂಡು ಕಡೆಯುವುದು ನೋಡಿದಷ್ಟು ಸುಲಭವಲ್ಲ. ಉಳಿ ಒಂದು ಕ್ಷಣ ತಡೆದರೆ ಮೊಟ್ಟೆಯಾಗುತ್ತದೆ. ಹನ್ನೊಂದು ಮೊಟ್ಟೆಗಳಾದವು. ಮನೆಯವಳು ಒಂದನ್ನು ಎತ್ತಿಕೊಂಡು, “ಇದು ಯಾವ ಅನಿಲ ರೀ?” ಎಂದಳು.

ಹನ್ನೆರಡನೇ ತಾರೀಕು, ಬುಧವಾರ

ಮುಗಿಯಿತು. ನೂರಿಪ್ಪತ್ತು ಕಪ್ಪು ಗುಂಡಿಗೆ ತಲಾ ನಾಲ್ಕು, ಒಟ್ಟು ನಾನೂರ ಎಂಬತ್ತು ತೂತು. ಪ್ರತಿ ಗುಂಡಿನ ನಡುವಿಗೆ ಸುತ್ತಲೂ ಬೆಲ್ಟಿನ ಹಾಗೆ ಗೆರೆ ಎಳೆದೆ, ಗೆರೆಯನ್ನು ನಾಲ್ಕು ಭಾಗ ಮಾಡಿದೆ, ಭಾಗಕ್ಕೊಂದು ತೂತು. ಚಕ್ರದ ನಡುವಿನ ಗುಂಡಿಗೆ ಕಡ್ಡಿ ಕೂರಿಸುವ ಹಾಗೆ. ಕೆಂಪಿಗೆ ಎದುರುಬದುರು ಎರಡು. ಎಲ್ಲ ಗುರುತೂ ನನ್ನದೇ ಪೆನ್ಸಿಲ್ಲಿನಿಂದ. ಒಂದು ಕೂದಲೆಳೆಯಷ್ಟೂ ಆಚೀಚೆ ಆಗಿಲ್ಲ. ಅಳತೆ ಎಂಬುದು ದೊಡ್ಡ ವಿದ್ಯೆ ಎಂದು ಇಷ್ಟು ವರ್ಷ ಕೆಲವರು ನನ್ನನ್ನು ನಂಬಿಸಿಟ್ಟಿದ್ದರು.

ನಾಲ್ಕು ಬಿಳಿ ಸಿಕ್ಕಿಸಿ ಒಂದು ಮೀಥೇನ್ ಮಾಡಿ ಬೆಂಚಿನ ಮೇಲಿಟ್ಟೆ. ತಟ್ಟೆಯ ಹಾಗೆ ನೀಟಾಗಿ ಮಲಗಿತು.

ಹದಿಮೂರನೇ ತಾರೀಕು, ಗುರುವಾರ

ನೂರಿಪ್ಪತ್ತೂ ತಪ್ಪು.

ಹದಿನಾಲ್ಕನೇ ತಾರೀಕು, ಶುಕ್ರವಾರ

ನಿನ್ನೆ ಬರೆಯುವ ಮನಸ್ಸಿರಲಿಲ್ಲ. ಇವತ್ತೂ ಇಲ್ಲ. ಆದರೆ ದಾಖಲೆ ದಾಖಲೆಯೇ.

ನಿನ್ನೆ ಮೇಡಂ ಬಂದು ಗುಂಡನ್ನು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು. ವೈದ್ಯರು ಎಕ್ಸ್‌ರೇ ನೋಡುವುದು ಹಾಗೆಯೇ.

“ಕೆಲಸ ತುಂಬ ಚೆನ್ನಾಗಿದೆ ಮೇಸ್ತ್ರೀ. ಆದ್ರೆ ಮೀಥೇನು ಚಪ್ಪಟೆ ಅಲ್ಲ.”

“ನೀವು ಕೊಟ್ಟ ಚಿತ್ರ ಚಪ್ಪಟೆ ಇತ್ತಲ್ಲ.”

“ಕಾಗದ ಚಪ್ಪಟೆ, ಅದಕ್ಕೆ ಚಿತ್ರ ಚಪ್ಪಟೆ. ವರ್ಷಾ ವರ್ಷ ಇದನ್ನೇ ಬಾಯಿ ನೋಯೋ ಹಾಗೆ ಹೇಳ್ತೀನಿ. ಆದ್ರೂ ಪರೀಕ್ಷೆಲಿ ಮಕ್ಕಳು ಹೀಗೇ ಬರೆದು ಮಾರ್ಕ್ಸ್ ಕಳ್ಕೊಳ್ತಾರೆ.”

ಮಕ್ಕಳು ಮಾರ್ಕ್ಸ್ ಕಳೆದುಕೊಂಡರು, ನಾನು ಮರ ಕಳೆದುಕೊಂಡೆ. ಬೀಟೆ ಅಲ್ಲದಿದ್ದರೂ ಒಳ್ಳೆಯ ಮರ.

ಇವತ್ತು ನಾಲ್ಕು ಬಲೂನು ತಂದಿದ್ದರು. ನಾಲ್ಕನ್ನೂ ಊದಿ, ಬಾಯಿಗಳನ್ನು ಒಂದೇ ಗಂಟಿಗೆ ಕಟ್ಟಿದರು. ಈ ಶೆಡ್ಡಿನಲ್ಲಿ ಬಲೂನು ಊದಿದ್ದು ಇತಿಹಾಸದಲ್ಲಿ ಇದೇ ಮೊದಲು. ಬಲೂನುಗಳು ಒಂದನ್ನೊಂದು ತಳ್ಳಿಕೊಂಡು ತಾವಾಗಿಯೇ ಜಾಗ ಮಾಡಿಕೊಂಡವು: ಮೂರು ಕೆಳಗೆ ಮುಕ್ಕಾಲಿಯ ಕಾಲುಗಳ ಹಾಗೆ, ಒಂದು ನೆಟ್ಟಗೆ ಮೇಲಕ್ಕೆ. ಹೊರಳಿಸಿ ಬೇರೆ ಮೂರರ ಮೇಲೆ ನಿಲ್ಲಿಸಿದರೂ ಅದೇ ರೂಪ.

“ಒಂದೊಂದು ಬಲೂನೂ ಒಂದು ಜೋಡಿ ಎಲೆಕ್ಟ್ರಾನ್ ಅಂದ್ಕೊಳ್ಳಿ,” ಎಂದರು ಮೇಡಂ. “ಈ ಜೋಡಿಗಳಿಗೆ ಒಂದನ್ನ ಕಂಡ್ರೆ ಇನ್ನೊಂದಕ್ಕೆ ಆಗಲ್ಲ. ಎಲ್ಲ ಮೈನಸ್ಸು. ಎಷ್ಟು ದೂರ ಸರಿಯೋಕೆ ಆಗುತ್ತೋ ಅಷ್ಟು ದೂರ ಸರೀತವೆ. ಆದ್ರೆ ಬಿಟ್ಟು ಹೋಗೋ ಹಾಗಿಲ್ಲ, ನಡುವೆ ಕಾರ್ಬನ್ ಹಿಡ್ಕೊಂಡಿದೆ. ದೂರ ಇರೋ ಹಟಾನೂ ಉಂಟು, ಬಿಡೋಕಾಗದ ಹಿಡಿತಾನೂ ಉಂಟು. ಅಣುವಿಗೆ ಆಕಾರ ಬರೋದೇ ಅದರಿಂದ. ಕಾಗದದ ಮೇಲೆ ತೊಂಬತ್ತು ಡಿಗ್ರಿ ಅನ್ಸುತ್ತೆ. ನಿಜವಾಗಿ ನೂರ ಒಂಬತ್ತೂವರೆ.”

ಆಗ ಒಂದು ಬಲೂನು ನನ್ನ ಉಳಿಗೆ ತಾಗಿ ಒಡೆಯಿತು. ಉಳಿದ ಮೂರು ಒಂದು ಕ್ಷಣವೂ ಕಾಯದೆ ಸರಿದುಕೊಂಡು ಚಪ್ಪಟೆ ತ್ರಿಕೋನವಾಗಿಬಿಟ್ಟವು.

“ಮೂರಾದ್ರೆ ನೂರಿಪ್ಪತ್ತು ಡಿಗ್ರಿ, ಅಲ್ವಾ ಮೇಡಂ?” ಎಂಬ ಧ್ವನಿ ಎದುರು ಮೂಲೆಯಿಂದ ಬಂತು.

“ಸರಿಯಾಗಿ ಹೇಳಿದ್ರಿ.”

ನನ್ನ ಗಿರಾಕಿಯ ಜೊತೆ ಅವರು ಮಾತಾಡಿದ್ದು ನಿಯಮಬಾಹಿರ. ಆದರೆ ನಿಯಮವನ್ನು ಇನ್ನೂ ಬರೆದಿಟ್ಟಿಲ್ಲವಾದ್ದರಿಂದ ಬಿಟ್ಟೆ.

ಮೇಡಂ ಹೋದ ಮೇಲೆ ಆ ಮೂರು ಬಲೂನುಗಳನ್ನು ನೋಡುತ್ತ ಕೂತೆ. ಒಬ್ಬರು ಹೋದರೆ ಉಳಿದವರಿಗೆ ಜಾಗ ಹೆಚ್ಚು. ಇಪ್ಪತ್ತೊಂಬತ್ತರ ನಂತರ ಎದುರು ಮೂಲೆಯೂ ನನ್ನದೇ. ಅಲ್ಲಿ ಏನಿಡಬಹುದು ಎಂದು ಯೋಚಿಸಿದೆ. ಟೀ ತಣ್ಣಗಾಗುವವರೆಗೂ ಯೋಚಿಸಿದೆ. ಏನೂ ಹೊಳೆಯಲಿಲ್ಲ.

ಹದಿನೆಂಟನೇ ತಾರೀಕು, ಮಂಗಳವಾರ

ಹೊಸದಾಗಿ ನೂರಿಪ್ಪತ್ತು ಗುಂಡು ಕಡೆಯುತ್ತಿದ್ದೇನೆ. ಮೊಟ್ಟೆಗಳು ನಾಲ್ಕೇ.

ತೂತಿನ ಕೆಲಸ ಮಾತ್ರ ಕೈಗೆ ಹತ್ತುತ್ತಿಲ್ಲ. ಮೊದಲ ತೂತು ನೆತ್ತಿಗೆ ಹಾಕುವುದು ಸುಲಭ. ಅಲ್ಲಿಂದ ನೂರ ಒಂಬತ್ತೂವರೆ ಡಿಗ್ರಿ ಕೆಳಗಿಳಿದು ಉಳಿದ ಮೂರನ್ನು ಸುತ್ತಲೂ ಸಮ ದೂರದಲ್ಲಿ ಹಾಕಬೇಕು. ಗುಂಡಿನ ಮೇಲೆ ಕೋನಮಾಪಕ ಕೂರುವುದಿಲ್ಲ, ಜಾರುತ್ತದೆ. ಒಂದು ನೂರ ನಾಲ್ಕಕ್ಕೆ ಬಂತು, ಇನ್ನೊಂದು ನೂರ ಹನ್ನೆರಡಕ್ಕೆ. ಕಡ್ಡಿ ಸಿಕ್ಕಿಸಿ ಯಾವ ಮೂರು ಕಾಲಿನ ಮೇಲೆ ನಿಲ್ಲಿಸಿದರೂ ನಾಲ್ಕನೆಯದು ನೆಟ್ಟಗೆ ಮೇಲೆ ನೋಡಬೇಕು ಎಂಬುದು ಮೇಡಂ ಕೊಟ್ಟ ಪರೀಕ್ಷೆ. ನನ್ನವು ಒಂದೊಂದು ಮಗ್ಗುಲಿಗೆ ಒಂದೊಂದು ದಿಕ್ಕಿಗೆ ನೋಡುತ್ತವೆ.

ಊಟದ ಹೊತ್ತಿಗೆ ಮನೆಯವಳು ಶುರುಮಾಡಿದಳು.

“ನಿಮ್ಮಣ್ಣನ್ನ ಒಂದು ಮಾತು ಕೇಳಿ.”

“ಕೇಳಲ್ಲ.”

“ಯಾಕಂತೆ?”

“ಕುರ್ಚಿ ಕಾಲು ಚಿಕ್ಕದಾಗಿದ್ದು ಅಳತೆಯಿಂದ.”

“ಎಷ್ಟು ಚಿಕ್ಕದಾಗಿತ್ತು?”

“ಎರಡು ಮಿಲಿಮೀಟರು.”

ಅವಳು ಪಾತ್ರೆ ಕೆಳಗಿಟ್ಟಳು. “ಎರಡು ಮಿಲಿಮೀಟರಿಗೆ ತಿಂಗಳಿಡೀ ಮೌನ. ಒಂದು ಸೆಂಟಿಮೀಟರ್ ಆಗಿದ್ರೆ ಕೋರ್ಟಿಗೇ ಹೋಗ್ತಿದ್ರೇನೋ ಇಬ್ಬರೂ.”

ವಿಷಯ ಬದಲಿಸಲು, ಮೇಡಂ ಉಪ್ಪಿನ ಬಗ್ಗೆ ಹೇಳಿದ್ದನ್ನು ವಿವರಿಸಿದೆ. ಉಪ್ಪಿನಲ್ಲಿ ಹಂಚಿಕೊಳ್ಳುವುದಿಲ್ಲವಂತೆ. ಸೋಡಿಯಂ ತನ್ನ ಒಂದು ಎಲೆಕ್ಟ್ರಾನನ್ನು ಪೂರ್ತಿ ಕೊಟ್ಟೇಬಿಡುತ್ತದೆ, ಕ್ಲೋರಿನ್ ಪೂರ್ತಿ ತೆಗೆದುಕೊಂಡುಬಿಡುತ್ತದೆ. ಕೊಟ್ಟಿದ್ದು ಪ್ಲಸ್ಸು, ತೆಗೆದುಕೊಂಡಿದ್ದು ಮೈನಸ್ಸು. ಆಮೇಲೆ ಎರಡೂ ಎಳೆದಾಡಿಕೊಂಡು ಪಕ್ಕಪಕ್ಕ ಕೂರುತ್ತವೆ. ಅದಕ್ಕೆ ಮೇಡಂ ಕಡ್ಡಿ ಕೇಳಿಲ್ಲ.

“ಅಂದ್ರೆ ನನ್ನ ನಿಮ್ಮ ಥರ,” ಎಂದಳು. “ಕೊಡೋದೆಲ್ಲ ನಾನು.”

ಬೇಗ ಎದ್ದು ಕೈತೊಳೆದೆ.

ಇಪ್ಪತ್ತೊಂದನೇ ತಾರೀಕು, ಶುಕ್ರವಾರ

ಇಬ್ಬರು ಕೂಲಿಯವರು ಬಂದು ಎದುರು ಮೂಲೆಯವರ ಬೆಂಚನ್ನು ಎಳೆದು ಬಾಗಿಲ ಹತ್ತಿರ ತಂದಿಟ್ಟು ಹೋದರು. ಇಪ್ಪತ್ತೊಂಬತ್ತಕ್ಕೆ ಗಾಡಿಗೆ ಹಾಕಲು ಸುಲಭವಾಗಲಿ ಎಂದಂತೆ. ಈಗ ಶೆಡ್ಡಿನೊಳಗೆ ಬರುವವರು ಹೊಟ್ಟೆ ಒಳಗೆಳೆದುಕೊಂಡು ಅಡ್ಡಡ್ಡ ಬರಬೇಕು. ಅವರು ಅಲ್ಲೇ ಬಾಗಿಲಲ್ಲಿ ಕೂತು ಏನೋ ಕೊಯ್ಯುತ್ತಿದ್ದಾರೆ. ನಾನು ನೋಡಲಿಲ್ಲ.

ಸರಿಯಾದ ಗುಂಡು ಇದುವರೆಗೆ: ಒಂದು. ಅದು ಹೇಗೆ ಸರಿಯಾಯಿತೋ ನನಗೂ ಗೊತ್ತಿಲ್ಲ.

ಇಪ್ಪತ್ತೆರಡನೇ ತಾರೀಕು, ಶನಿವಾರ

ಬೆಳಿಗ್ಗೆ ಬಂದಾಗ ನನ್ನ ಲೇತಿನ ಮೇಲೆ, ನನ್ನ ಅನುಮತಿಯಿಲ್ಲದೆ, ಒಂದು ಪೆಟ್ಟಿಗೆ ಕೂತಿತ್ತು.

ಆರೂ ಮುಖ ಸಮನಾದ ಚೌಕ ಪೆಟ್ಟಿಗೆ. ಒಳಗೆ ನಿಂಬೆಹಣ್ಣಿನ ಗಾತ್ರದ ಗುಂಡು ಬಿಗಿಯಾಗಿ, ಅಲುಗಾಡದೆ ಕೂರುತ್ತದೆ. ಪೆಟ್ಟಿಗೆಗೆ ಎಂಟು ಮೂಲೆ. ಒಂದು ಬಿಟ್ಟು ಒಂದರಂತೆ ನಾಲ್ಕು ಮೂಲೆಗಳನ್ನು ಕೊಯ್ದು, ಡ್ರಿಲ್ಲಿನ ಮೊನೆ ಹೋಗುವಷ್ಟು ಕಿಂಡಿ ಮಾಡಿದೆ. ಕೊಯ್ದ ಮೂಲೆಯನ್ನು ಮೇಲೆ ಮಾಡಿ ಹಿಡಿದು, ನೆಟ್ಟಗೆ ನಡುವಿನವರೆಗೆ ಕೊರೆಯಬೇಕು. ಹಾಗೆ ನಾಲ್ಕು ಸಲ.

ಕೊರೆದೆ. ಹೊರತೆಗೆದು ಕಡ್ಡಿ ಸಿಕ್ಕಿಸಿದೆ. ಯಾವ ಮೂರು ಕಾಲಿನ ಮೇಲೆ ನಿಲ್ಲಿಸಿದರೂ ನಾಲ್ಕನೆಯದು ಮಾಡಿನತ್ತ ನೆಟ್ಟಗೆ ನೋಡಿತು. ಕೋನಮಾಪಕವೂ ಬೇಡ, ಪೆನ್ಸಿಲ್ಲೂ ಬೇಡ. ಚೌಕದ ಮೂಲೆಗಳಲ್ಲೇ ಆ ನೂರ ಒಂಬತ್ತೂವರೆ ಅಡಗಿ ಕೂತಿತ್ತು. ಅದನ್ನು ಯಾರು ಹೇಗೆ ಪತ್ತೆ ಮಾಡಿದರು ಎಂದು ಇಲ್ಲಿ ಬರೆಯುವುದಿಲ್ಲ. ಶೆಡ್ಡಿನಲ್ಲಿ ಇರುವುದು ಇಬ್ಬರೇ, ಅದರಲ್ಲಿ ನಾನಲ್ಲ.

ಆದರೆ ನ್ಯಾಯವಾಗಿ ಹೇಳಬೇಕೆಂದರೆ ಪೆಟ್ಟಿಗೆಯಲ್ಲಿ ಒಂದು ದೊಡ್ಡ ದೋಷವಿದೆ. ಮೂಲೆ ಮೇಲೆ ಬರಬೇಕಾದರೆ ಕೆಳಗೂ ಒಂದು ಮೂಲೆಯ ಮೇಲೆಯೇ ನಿಲ್ಲಿಸಬೇಕು. ಅದು ನಿಲ್ಲುತ್ತದೆಯೇ? ಒಂದು ಕೈಯಲ್ಲಿ ಪೆಟ್ಟಿಗೆ, ಇನ್ನೊಂದರಲ್ಲಿ ಡ್ರಿಲ್ಲಿನ ಹಿಡಿ, ಎರಡನೇ ಗುಂಡಿಗೇ ಬೆರಳು ಜಜ್ಜಿಕೊಂಡೆ. ಹಿಡಿದು ಕೂರಿಸಲು ಅಡಿಗೆ ಒಂದು ಗೂಡು, ಪಕ್ಕಕ್ಕೆ ಒಂದು ಕ್ಲಾಂಪ್ ಇರಬೇಕಿತ್ತು. ಕ್ಲಾಂಪ್ ಇಲ್ಲದ ಸಾಧನವನ್ನು ಅಣ್ಣ ಮಾಡಿದ್ದು ಇಷ್ಟು ವರ್ಷದಲ್ಲಿ ನಾನು ನೋಡಿಲ್ಲ. ಮರೆತಿರಬೇಕು. ವಯಸ್ಸು ಐವತ್ತೊಂಬತ್ತಾಯಿತು.

ಇಪ್ಪತ್ನಾಲ್ಕನೇ ತಾರೀಕು, ಸೋಮವಾರ

ಮೂರನೇ ಗುಂಡಿಗೂ ಪೆಟ್ಟಿಗೆ ಜಾರಿತು. ಅಣ್ಣ ಎದ್ದು ಬಂದ. ಎರಡೂ ಕೈಯಲ್ಲಿ ಪೆಟ್ಟಿಗೆ ಹಿಡಿದು ನಿಂತ. ನಾನು ಕೊರೆದೆ.

ಇಂದು ಮೂವತ್ತೆಂಟು ಗುಂಡು. ಆಡಿದ ಮಾತುಗಳು: ‘ಹಿಡಿ’, ‘ಬಿಡು’, ‘ತಿರುಗಿಸು’, ‘ಹೂಂ’. ಅಧಿಕೃತವಾಗಿ ಇವು ಮಾತುಕತೆಯಲ್ಲ, ಕೆಲಸದ ಸೂಚನೆಗಳು. ಎರಡು ಗುಂಡಿನ ಹೊತ್ತಿಗೆ ಸೂಚನೆಗಳೂ ಬೇಕಾಗಲಿಲ್ಲ. ಮಧ್ಯಾಹ್ನ ಅತ್ತಿಗೆ ಅಡ್ಡಡ್ಡ ನುಸುಳಿಕೊಂಡು ಬಂದು ಎರಡು ಲೋಟ ಟೀ ಒಂದೇ ಕಡೆ ಇಟ್ಟು, “ಅಲ್ಲಿ ಇಲ್ಲಿ ಓಡಾಡೋಕೆ ನನ್ನ ಕೈಲಿ ಆಗಲ್ಲಪ್ಪ,” ಎಂದು ಹೋದರು.

ಕುರ್ಚಿ ಕಾಲಿನ ವಿಷಯ ಇಬ್ಬರೂ ಎತ್ತಲಿಲ್ಲ.

ಇಪ್ಪತ್ತಾರನೇ ತಾರೀಕು, ಬುಧವಾರ

ಕಪ್ಪು ನೂರಿಪ್ಪತ್ತೂ ಆಯಿತು. ಮೇಡಂ ಬಂದು ನಿಲ್ಲಿಸಿ ನಿಲ್ಲಿಸಿ ನೋಡಿದರು. ಒಂದೂ ತಲೆ ಓರೆ ಮಾಡಲಿಲ್ಲ.

ಇನ್ನು ಉಳಿದದ್ದು ಕೆಂಪು. ನೀರಿನ ಅಣುವಿನಲ್ಲಿ ಒಂದು ಆಕ್ಸಿಜನ್, ಎರಡು ಹೈಡ್ರೋಜನ್. ಎದುರುಬದುರು ತೂತು ಹಾಕಿದ್ದೂ ತಪ್ಪಂತೆ, ಅದು ನೇರ ಇರುವುದಿಲ್ಲ, ಬಾಗಿರುತ್ತದೆ. ಮೇಡಂ ಹೇಳಿದರು: “ಆಕ್ಸಿಜನ್ ಸುತ್ತಲೂ ನಾಲ್ಕು ಜೋಡಿನೇ ಇರೋದು. ಎರಡು ಜೋಡಿ ಹೈಡ್ರೋಜನ್ ಜೊತೆ ಸೇರಿದೆ. ಇನ್ನೆರಡು ಯಾರ ಜೊತೆಗೂ ಸೇರದೆ ಒಂಟಿಯಾಗಿ ಕೂತಿವೆ. ಈ ಒಂಟಿಗಳ ತಳ್ಳಾಟ ಜಾಸ್ತಿ. ಅದಕ್ಕೆ ಸೇರಿದವು ಸ್ವಲ್ಪ ಹತ್ತಿರ ಬರ್ತವೆ. ನೂರ ನಾಲ್ಕೂವರೆ. ಆದ್ರೆ ಮಕ್ಕಳಿಗೆ ಅಷ್ಟೆಲ್ಲ ಬೇಡ ಮೇಸ್ತ್ರೀ, ಇದೇ ಪೆಟ್ಟಿಗೇಲಿ ಎರಡು ಮೂಲೆ ಕೊರೆದು ಕೊಟ್ಬಿಡಿ. ಐದು ಡಿಗ್ರಿ ಯಾರು ನೋಡ್ತಾರೆ.”

ನಾನು ಆಯ್ತು ಎನ್ನುವುದರಲ್ಲಿದ್ದೆ.

“ಐದು ಡಿಗ್ರಿ ಅಂದ್ರೆ ಸುಮ್ನೆ ಅಲ್ಲ ಪುಟ್ಟಾ,” ಎಂದ ಅಣ್ಣ.

ತಲೆ ಅರ್ಧ ನೆರೆತವನನ್ನು ಪುಟ್ಟ ಎಂದು ಕರೆಯುವವರು ಇಡೀ ಲೋಕದಲ್ಲಿ ಒಬ್ಬರೇ. ಮೇಡಂ ಎದುರಿಗೆ ಕರೆಯಬಾರದಿತ್ತು. ಕೆಂಪು ಗುಂಡುಗಳನ್ನೂ ಹೊಸದಾಗಿ ಕಡೆಯಬೇಕು, ಅವಕ್ಕೆ ಬೇರೆ ಪೆಟ್ಟಿಗೆಯೇ ಆಗಬೇಕು ಎಂದು ತೀರ್ಮಾನವಾಯಿತು. ಆ ಕೋನ ಚೌಕದಲ್ಲಿ ಸಿಗುವುದಿಲ್ಲವಂತೆ. ಅಣ್ಣ ನೆಲದ ಮೇಲೆ ಸೀಮೆಸುಣ್ಣದಲ್ಲಿ ಗೀಚುತ್ತ ಕೂತ. ನಾನು ಪಕ್ಕದಲ್ಲಿ ಕೂತು, ಇದು ಮೇಲಿಂದ ನೋಡಿದ್ದೋ ಪಕ್ಕದಿಂದ ನೋಡಿದ್ದೋ ಎಂದು ಕೇಳಿದೆ. ಯಾರಾದರೂ ಕೇಳಬೇಕಲ್ಲ.

ಇಪ್ಪತ್ತೊಂಬತ್ತನೇ ತಾರೀಕು, ಶನಿವಾರ

ಹತ್ತು ಗಂಟೆಗೆ ಗಾಡಿ ಬಂತು.

ನಾವು ಎರಡನೇ ಪೆಟ್ಟಿಗೆಯ ಮೂರನೇ ಪ್ರಯತ್ನದಲ್ಲಿದ್ದೆವು. ಗಾಡಿಯವನು ಬಾಗಿಲಲ್ಲಿ ನಿಂತು, “ಇದೇನಾ ಸಾರ್ ಬೆಂಚು, ಎತ್ತೋಣ್ವಾ?” ಎಂದ. ನಾನು ಉಪ್ಪುಕಾಗದ ತೆಗೆದುಕೊಂಡು, ಆಗಲೇ ನಯವಾಗಿದ್ದ ಒಂದು ಗುಂಡನ್ನು ಉಜ್ಜಲು ಶುರುಮಾಡಿದೆ. ಕೆಲಸ ಅಂದಮೇಲೆ ಇಂಥವೂ ಇರುತ್ತವೆ.

ಅಣ್ಣ ತಲೆಯೆತ್ತದೆ, “ಈಗಾಗಲ್ಲ, ನೀರಿನ ಕೆಲಸ ಬಾಕಿ ಇದೆ,” ಎಂದ.

“ಯಾವತ್ತು ಮುಗಿಯುತ್ತೆ ಸಾರ್?”

“ಹೇಳೋಕಾಗಲ್ಲ. ನೀರಾದ್ಮೇಲೆ ಅಮೋನಿಯಾ ಇದೆ, ಅದರ ಕೋನಾನೇ ಬೇರೆ. ನಾನೇ ಫೋನ್ ಮಾಡ್ತೀನಿ.”

ಗಾಡಿಯವನು ಹೋದ. ಮೇಡಂ ಅಮೋನಿಯಾ ಕೇಳಿಯೇ ಇಲ್ಲ. ಗಾಡಿಯವನ ನಂಬರು ಅಣ್ಣನ ಹತ್ತಿರ ಇಲ್ಲ, ಗಾಡಿ ಗೊತ್ತುಮಾಡಿದ್ದು ಭಾಮೈದ. ಇವೆರಡನ್ನೂ ಅವನ ಗಮನಕ್ಕೆ ತರೋಣ ಎಂದುಕೊಂಡೆ. ಅಷ್ಟರಲ್ಲಿ ಅವನು ಪೆಟ್ಟಿಗೆ ಹಿಡಿದು ನಿಂತಿದ್ದ, ನಾನು ಕೊರೆಯಬೇಕಾಗಿತ್ತು.

ನೂರ ನಾಲ್ಕೂವರೆ ಬಂತು.

ಮೂವತ್ತನೇ ತಾರೀಕು, ಭಾನುವಾರ

ರಜ. ಆದರೂ ಇಬ್ಬರೂ ಶೆಡ್ಡಿಗೆ ಹೋಗಿದ್ದೆವು. ಹೆಚ್ಚೇನೂ ಕೆಲಸ ನಡೆಯಲಿಲ್ಲ, ಬೆಂಚನ್ನು ಒಳಗೆ ತರಲು ನೋಡಿದೆವು, ಅಷ್ಟೆ. ಒಂದು ಗೇಣು ಸರಿಯಿತು. ಅವನಿಗೆ ಮೊಣಕಾಲು, ನನಗೆ ಸೊಂಟ. ಮನೆಯವಳೂ ಅತ್ತಿಗೆಯೂ ಹೊರಗೆ ನಿಂತು ನೋಡಿ ನಕ್ಕು ಹೋದರು. ಹೊರಗೆಳೆದ ಕೂಲಿಯವರನ್ನೇ ಕರೆ ಎಂದು ಅಣ್ಣನಿಗೆ ಹೇಳಿದೆ. ಕರೆದರೆ, ಒಂಬತ್ತು ದಿನದ ಹಿಂದೆ ತಾನೇ ಹೊರಗೆ ಹಾಕಿದೆವಲ್ಲ, ಮತ್ತೆ ಒಳಗೆ ಯಾಕೆ ಎಂದು ಕೇಳುತ್ತಾರೆ ಎಂದ. ಅದೂ ನಿಜ.

ಆದ್ದರಿಂದ ಈ ಪುಸ್ತಕವನ್ನು ಕದ್ದು ಓದುತ್ತಿರುವವರು ತಾವು ಯಾರೇ ಆಗಿರಲಿ, ನಾಳೆ ಬೆಳಿಗ್ಗೆ ಒಂಬತ್ತಕ್ಕೆ ಶೆಡ್ಡಿಗೆ ಬಂದು ಬಾಗಿಲ ಕಡೆಯ ತುದಿಯನ್ನು ಹಿಡಿಯಬೇಕಾಗಿ ವಿನಂತಿ. ಹತ್ತು ನಿಮಿಷದ ಕೆಲಸ. ಯಾಕೆ ಎಂದು ಕೇಳಬಾರದು. ಗಟ್ಟಿ ಚಪ್ಪಲಿ ಹಾಕಿಕೊಂಡು ಬನ್ನಿ, ಅದು ತೇಗದ ಹಲಗೆ.